ಆಸ್ಪರಿಯಿಂದ ಅರಬ್ಬೀ ಸಮುದ್ರಕ್ಕೆ: ಕಾಮಗಾರಿಯ ನಡುವೆ ಒಂದು ಕಡಲ ಪ್ರವಾಸ

ಆಸ್ಪರಿಯ ರೈಲು ನಿಲ್ದಾಣದಲ್ಲಿ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರವೂ ಹೊಲ. ಮಳೆ ಬಿದ್ದ ವರ್ಷ ಹಸಿರು, ಹತ್ತಿ ಒಡೆದಾಗ ಬಿಳುಪು, ಬೇಸಗೆಯಲ್ಲಿ ಬಿರುಕು ಬಿಟ್ಟ ಎರೆಮಣ್ಣಿನ ಕಪ್ಪು. ಮುಗಿಲನ್ನೇ ನಂಬಿ ಬಿತ್ತುವ ಈ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ ನೀರೆಂದರೆ ಬಾವಿ, ಕೆರೆ, ಹೆಚ್ಚೆಂದರೆ ತುಂಗಭದ್ರೆಯ ಕಾಲುವೆ. ನಮ್ಮ ತಾಯಿಯವರಿಗೆ ಎಪ್ಪತ್ತು ದಾಟಿತ್ತು. ಮದುವೆಯಾಗಿ ಬಂದಂದಿನಿಂದ ಮೊಣಕಾಲು ಸೋಲುವವರೆಗೆ ಪ್ರತಿವರ್ಷವೂ ಹತ್ತಿ ಬಿಡಿಸಿದವರು. ಮಂತ್ರಾಲಯ, ಉರುಕುಂದಿ, ಶ್ರೀಶೈಲಗಳ ದರ್ಶನ ಮಾಡಿದ್ದರು. ಸಮುದ್ರವನ್ನು ಮಾತ್ರ ಕಂಡಿರಲಿಲ್ಲ. ಒಂದು ದಸರೆಯ ರಜೆಯಲ್ಲಿ ಅವರನ್ನು ಕರೆದುಕೊಂಡು ನಾವು ಕಡಲಿಗೆ ಹೊರಟೆವು.

ಆ ಮೊದಲ ಪ್ರವಾಸ ಕೆಟ್ಟುಹೋಯಿತು. ಹೋದ ಊರಿನ ಹೆಸರಾಗಲಿ, ಇಳಿದುಕೊಂಡ ವಸತಿಗೃಹದ ಹೆಸರಾಗಲಿ ಇಲ್ಲಿ ಮುಖ್ಯವಲ್ಲ. ಚಿತ್ರದಲ್ಲಿ ಕಿಟಕಿಯಾಚೆ ನೀಲಿ ನೀರಿತ್ತು. ಹೋಗಿ ನೋಡಿದರೆ ಕಿಟಕಿಯಾಚೆ ನೀಲಿ ತಗಡಿನ ಬೇಲಿ, ಅದರಾಚೆ ಜಲ್ಲಿಯ ರಾಶಿ, ಬೆಳಗಿನ ಆರು ಗಂಟೆಗೇ ಗುಡುಗತೊಡಗುವ ಜೆಸಿಬಿ. ತೀರಕ್ಕೆ ಹೋಗುವ ನೇರ ದಾರಿಯನ್ನು ಮುಚ್ಚಿದ್ದರು. ಸುತ್ತುದಾರಿ ಕಲ್ಲುಮಣ್ಣಿನದು, ನಮ್ಮ ತಾಯಿಯವರ ಕಾಲಿಗೆ ಆಗದ ದಾರಿ. ತಗಡಿನ ಸಂದಿಯಲ್ಲಿ ಕಂಡ ಒಂದು ತುಂಡು ನೀರನ್ನು ನೋಡಿ ಅವರು, ‘ಇಷ್ಟೇನಪ್ಪಾ ಸಮುದ್ರ ಅಂದ್ರ?’ ಎಂದರು. ಎರಡನೆಯ ದಿನವೇ ಹಿಂತಿರುಗಿದೆವು. ರೈಲಿನಲ್ಲಿ ನನಗೆ ಸಿಟ್ಟಿತ್ತು. ಆದರೆ ಕೇಳಬೇಕಾದ ಪ್ರಶ್ನೆಗಳನ್ನು ಹೊರಡುವ ಮೊದಲು ನಾನೇ ಕೇಳಿರಲಿಲ್ಲ ಎಂಬುದೂ ನಿಜ.

ಇಂದು ಪಶ್ಚಿಮ ಕರಾವಳಿಯಲ್ಲಿ ಕಾಮಗಾರಿ ಇಲ್ಲದ ಪ್ರವಾಸಿ ಸ್ಥಳವನ್ನು ಹುಡುಕುವುದು ಕಷ್ಟ. ರಸ್ತೆ, ಸೇತುವೆ, ಬಂದರು, ತಡೆಗೋಡೆ, ವಸತಿಗೃಹ, ಕಾಲುದಾರಿ, ಎಲ್ಲಿ ನೋಡಿದರೂ ಏನಾದರೊಂದು ಏಳುತ್ತಿರುತ್ತದೆ. ಆದ್ದರಿಂದ ಕಾಮಗಾರಿ ಮುಗಿಯಲೆಂದು ಕಾಯುವುದಕ್ಕಿಂತ ಅದನ್ನು ಲೆಕ್ಕಕ್ಕೆ ಹಿಡಿದೇ ಪ್ರವಾಸವನ್ನು ಯೋಜಿಸುವುದು ಲೇಸು. ಹಾಗೆ ಯೋಜಿಸಿಕೊಂಡು ಕಳೆದ ಫೆಬ್ರುವರಿಯಲ್ಲಿ ನಾವು ಕಾರವಾರಕ್ಕೆ ಹೋಗಿಬಂದೆವು. ಅದರಿಂದ ಕಲಿತದ್ದನ್ನು ನಮ್ಮ ಭಾಗದ ಓದುಗರೊಡನೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಆಂಧ್ರದವರಾದ ನಾವು ವಿಶಾಖಪಟ್ಟಣ ಬಿಟ್ಟು ಕಾರವಾರವೇಕೆ ಎಂದು ಕೆಲವರು ಕೇಳಿದರು. ನಮ್ಮ ರಾಜ್ಯದ ಸಮುದ್ರ ಮೂಡಣಕ್ಕಿದೆ. ನಮ್ಮ ನುಡಿಯ ಸಮುದ್ರ ಪಡುವಣಕ್ಕಿದೆ. ಆದೋನಿ, ಆಲೂರು ತಾಲ್ಲೂಕುಗಳು 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟುವವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇದ್ದವು. ದಾರಿಯೂ ಅತ್ತಲೇ ಸುಗಮ. ಗುಂತಕಲ್ಲಿನಿಂದ ಬಳ್ಳಾರಿ, ಹೊಸಪೇಟೆ, ಕೊಪ್ಪಳ, ಗದಗ ಮಾರ್ಗವಾಗಿ ಹುಬ್ಬಳ್ಳಿಗೆ ರೈಲಿದೆ. ಹಿಂದೆ 63ನೆಯ ಸಂಖ್ಯೆಯಿದ್ದ ರಾಷ್ಟ್ರೀಯ ಹೆದ್ದಾರಿಯ ಒಂದು ತುದಿ ನಮ್ಮ ನೆರೆಯ ಗುತ್ತಿ, ಇನ್ನೊಂದು ತುದಿ ಕಡಲಂಚಿನ ಅಂಕೋಲೆ. ಈಗ ಸಂಖ್ಯೆಗಳು ಬದಲಾಗಿವೆ. ದಾರಿ ಅದೇ ಇದೆ.

ಹತ್ತಿ ಬೆಳೆಯುವವರಿಗೆ ಕಾರವಾರದೊಡನೆ ಇನ್ನೂ ಒಂದು ನಂಟಿದೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ದೊರೆಯದಾಯಿತು. ಆಗ ಬ್ರಿಟಿಷರ ಕಣ್ಣು ಬಯಲುಸೀಮೆಯ ಹತ್ತಿಯ ಮೇಲೆ ಬಿತ್ತು. ಧಾರವಾಡದ ಕಡೆಯ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರದಲ್ಲಿ ಹಡಗಿಗೇರಿಸುವ ಆಲೋಚನೆ ಬಲಗೊಂಡಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ವರ್ಗಾಯಿಸಿದ್ದರ ಹಿಂದೆ ಈ ಹತ್ತಿಯ ಲೆಕ್ಕಾಚಾರವೂ ಇತ್ತು. ಘಟ್ಟದಲ್ಲಿ ರಸ್ತೆಗಳನ್ನು ಕಡಿದರು, ಬಂದರಿನ ಯೋಜನೆ ಹಾಕಿದರು. 1880ರ ದಶಕದಲ್ಲಿ ಮರ್ಮಗೋವಾಕ್ಕೆ ರೈಲು ಬಂದ ಮೇಲೆ ಕಾರವಾರದ ಆ ಕನಸು ಕುಂದಿತು. ಕಾರವಾರದ ಕಡಲತೀರದಲ್ಲಿ ಕಾಮಗಾರಿಯೆಂಬುದು ಇಂದು ನಿನ್ನೆಯದಲ್ಲ; ಅದರ ಬೇರಿನಲ್ಲಿ ಬಯಲುಸೀಮೆಯ ಹತ್ತಿಯೂ ಇದೆ.

ಅಲ್ಲಿ ಈಗ ನಡೆದಿರುವುದನ್ನು ಅರಿಯದೆ ಹೊರಡುವುದು ತಪ್ಪು. ಗೋವೆಯ ಗಡಿಯಿಂದ ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಹಾದು ದಕ್ಷಿಣಕ್ಕೆ ಸಾಗುವ 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಚತುಷ್ಪಥವಾಗಿ ಅಗಲಿಸುವ ಕೆಲಸ ಹತ್ತು ವರ್ಷಗಳ ಹಿಂದೆ ಆರಂಭವಾಯಿತು. ಒಂದು ಪಕ್ಕ ಸಮುದ್ರ, ಇನ್ನೊಂದು ಪಕ್ಕ ಗುಡ್ಡ, ನಡುವೆ ಹಿಡಿಯಷ್ಟು ನೆಲ. ರಸ್ತೆ ಅಗಲವಾಗಬೇಕಾದರೆ ಗುಡ್ಡದ ಬುಡವನ್ನು ಕಡಿಯಬೇಕು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಸುರಿಮಳೆಗೆ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿತ್ತು. ರಸ್ತೆಯ ಬದಿಯಲ್ಲಿ ಚಹದಂಗಡಿ ಇಟ್ಟು ಬದುಕುತ್ತಿದ್ದ ಕುಟುಂಬ ಮಣ್ಣುಪಾಲಾಯಿತು. ವಾಹನಗಳು ಗಂಗಾವಳಿ ನದಿಗೆ ತಳ್ಳಲ್ಪಟ್ಟವು. ಕೇರಳದ ಲಾರಿಯೊಂದು ಅದರ ಚಾಲಕನ ದೇಹದೊಂದಿಗೆ ಸಿಕ್ಕಿದ್ದು ಎರಡು ತಿಂಗಳ ಮೇಲೆ, ಸೆಪ್ಟೆಂಬರ್ 25ರಂದು. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಅದರ ಚಾಲಕ ಬದುಕಿ ಉಳಿದದ್ದೇ ಭಾಗ್ಯ. ಪಕ್ಕದ ಹೊಸ ಸೇತುವೆಯೇ ಆಮೇಲೆ ಎರಡೂ ದಿಕ್ಕಿನ ವಾಹನಗಳನ್ನು ಹೊತ್ತಿತು.

ಇದರಿಂದ ತೆಗೆದುಕೊಳ್ಳಬೇಕಾದ ಮೊದಲ ಪಾಠ ಕಾಲದ್ದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕುಟುಂಬದೊಡನೆ ಕಡಲ ಪ್ರವಾಸ ಬೇಡ. ಘಟ್ಟದ ರಸ್ತೆಗಳು ಕುಸಿಯುವುದು ಆಗಲೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೂ ನಿಷೇಧವಿರುತ್ತದೆ. ಕಡಲಿನವರೇ ಇಳಿಯದ ಕಡಲಿಗೆ ಬಯಲುಸೀಮೆಯವರು ಇಳಿಯುವುದೆಂತು? ಮಳೆಗಾಲದ ಎತ್ತರದ ಅಲೆಗಳು ತೀರದ ಮರಳನ್ನು ಸೆಳೆದು ನೀರಿನೊಳಗೆ ಒಟ್ಟುತ್ತವೆ. ಮಳೆ ನಿಂತ ಮೇಲೆ ಸಣ್ಣ ಅಲೆಗಳು ಆ ಮರಳನ್ನು ಮೆಲ್ಲಮೆಲ್ಲನೆ ದಡಕ್ಕೆ ಮರಳಿ ತರುತ್ತವೆ. ದಸರೆಯ ಹೊತ್ತಿಗೆ ಕಿರಿದಾಗಿ ಕಾಣುವ ತೀರ ಫೆಬ್ರುವರಿಯ ವೇಳೆಗೆ ಅಗಲವಾಗುವುದು ಇದರಿಂದಲೇ. ಮಳೆಗಾಲದಲ್ಲಿ ನಿಂತ ಕಾಮಗಾರಿಗಳು ಒಮ್ಮೆಗೇ ಚುರುಕಾಗುವುದೂ ದಸರೆ, ದೀಪಾವಳಿಯ ಹೊತ್ತಿಗೆ. ಡಿಸೆಂಬರ್ ಕೊನೆಯ ವಾರ ಶಾಲಾ ಪ್ರವಾಸಗಳ ನೂಕುನುಗ್ಗಲು. ನಮ್ಮ ಕಡೆ ಹತ್ತಿ ಬಿಡಿಸಿ ಮುಗಿದು ಕೈಗೆ ನಾಲ್ಕು ಕಾಸು ಬರುವುದು ಸಂಕ್ರಾಂತಿಯ ಆಚೆಗೆ. ಆ ಹೊತ್ತೇ ಕಡಲಿಗೂ ಹಿತ.

ಎರಡನೆಯದು ದಾರಿಯ ಪಾಠ. ಹುಬ್ಬಳ್ಳಿಯಿಂದ ಅಂಕೋಲೆಗೆ ರೈಲು ಹಾಕುವ ಯೋಜನೆ ದಶಕಗಳಿಂದ ಮಾತಿನಲ್ಲಿದೆ. ಘಟ್ಟದ ಕಾಡು ಉಳಿಯಬೇಕೆಂಬ ವಾದವೂ ಅಷ್ಟೇ ಹಳೆಯದು. ಹೀಗಾಗಿ ಹುಬ್ಬಳ್ಳಿಯಲ್ಲಿ ರೈಲಿಳಿದು ಬಸ್ಸು ಹಿಡಿಯಬೇಕು. ಯಲ್ಲಾಪುರ ದಾಟಿ ಅರಬೈಲು ಘಟ್ಟ ಇಳಿಯುವ ಈ ದಾರಿಯನ್ನು ಹಗಲಿನಲ್ಲೇ ಕ್ರಮಿಸುವುದು ಒಳ್ಳೆಯದು. ಇರುಳಿನಲ್ಲಿ ಹೋದರೆ ಒಂದು ದಿನದ ಬಾಡಿಗೆ ಉಳಿದೀತು. ಆದರೆ ತಿರುವುಗಳಲ್ಲಿ ಅಪಾಯವೂ ಹೆಚ್ಚು, ಕಾಡಿನ ಚೆಲುವೂ ಕಾಣದು. ಘಟ್ಟದ ಬಸ್ಸು ಬೇಡವೆನ್ನುವವರು ಗೋವೆಯ ಮಡಗಾಂವಿಗೆ ಹೋಗಿ, ಅಲ್ಲಿಂದ ಕೊಂಕಣ ರೈಲ್ವೆಯಲ್ಲಿ ಕಾರವಾರಕ್ಕೆ ಬರಬಹುದು. ಯಾವ ದಾರಿಯಾದರೂ ಹೋಗುವಾಗ ಅರ್ಧ ದಿನ, ಬರುವಾಗ ಅರ್ಧ ದಿನ ಹೆಚ್ಚಿಗೆ ಇಟ್ಟುಕೊಳ್ಳಬೇಕು. ಹಿಂತಿರುಗುವ ರೈಲಿಗೆ ಒಂದೆರಡು ಗಂಟೆಯಷ್ಟೇ ಮುಂಚೆ ಹುಬ್ಬಳ್ಳಿ ಮುಟ್ಟುವಂತೆ ಲೆಕ್ಕ ಹಾಕಿದರೆ, ದಾರಿಯ ಒಂದು ಕಾಮಗಾರಿ ಇಡೀ ಲೆಕ್ಕವನ್ನು ತಲೆಕೆಳಗು ಮಾಡಬಲ್ಲದು.

ಮೂರನೆಯದು ವಸತಿ. ‘ಅಲ್ಲಿ ಕಾಮಗಾರಿ ಇದೆಯೇ?’ ಎಂದು ಕೇಳಿದರೆ ‘ಏನೂ ಇಲ್ಲ, ಬನ್ನಿ’ ಎಂಬ ಉತ್ತರವೇ ಬರುತ್ತದೆ. ಪ್ರಶ್ನೆಯನ್ನು ಬಿಡಿಸಿ ಕೇಳಬೇಕು. ನಿಮ್ಮ ಬಾಗಿಲಿನಿಂದ ನೀರಿನವರೆಗೆ ನಡೆಯಲು ಎಷ್ಟು ನಿಮಿಷ? ನಡುವೆ ಹೆದ್ದಾರಿ ದಾಟಬೇಕೇ, ಅದನ್ನು ದಾಟಲು ಮೇಲ್ದಾರಿಯೋ ಕೆಳದಾರಿಯೋ ಇದೆಯೇ? ಪಕ್ಕದ ನಿವೇಶನದಲ್ಲಿ ಕಟ್ಟಡ ಏಳುತ್ತಿದೆಯೇ, ಕೆಲಸ ಬೆಳಿಗ್ಗೆ ಎಷ್ಟಕ್ಕೆ ಶುರು? ಮೆಟ್ಟಿಲುಗಳೆಷ್ಟು? ಕಿಟಕಿಯಿಂದ ಇವತ್ತು ತೆಗೆದ ಚಿತ್ರವೊಂದನ್ನು ಕಳುಹಿಸುವಿರಾ? ಈ ಕೊನೆಯ ಪ್ರಶ್ನೆಗೆ ಹಿಂದೆಮುಂದೆ ನೋಡುವವರನ್ನು ಬಿಟ್ಟುಬಿಡುವುದು ವಾಸಿ. ನಾವು ಈ ಬಾರಿ ನಾಲ್ಕು ಕಡೆ ವಿಚಾರಿಸಿದೆವು. ಇಬ್ಬರು ಚಿತ್ರ ಕಳುಹಿಸಿದರು. ಅವರಲ್ಲೊಬ್ಬರು, ‘ಎದುರಿಗೆ ಚರಂಡಿ ತೋಡುತ್ತಿದ್ದಾರೆ, ವಯಸ್ಸಾದವರಿದ್ದರೆ ಹಿಂಬದಿಯ ಕೋಣೆ ತೆಗೆದುಕೊಳ್ಳಿ’ ಎಂದು ತಾವಾಗಿಯೇ ಹೇಳಿದರು. ನಾವು ಇಳಿದುಕೊಂಡದ್ದು ಅವರಲ್ಲಿಯೇ.

ನಾಲ್ಕನೆಯದು, ಒಂದೇ ತೀರಕ್ಕೆ ಜೋತುಬೀಳದಿರುವುದು. ಪೇಟೆಗೆ ಅಂಟಿಕೊಂಡ ರವೀಂದ್ರನಾಥ ಠಾಗೋರ್ ಕಡಲತೀರವಿದೆ. ಅಣ್ಣ ಸತ್ಯೇಂದ್ರನಾಥರು ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದಾಗ, 1883ರಲ್ಲಿ, ಇಪ್ಪತ್ತೆರಡರ ಹರೆಯದ ಕವಿ ಇಲ್ಲಿ ಬಂದು ಉಳಿದಿದ್ದರು. ಆ ನೆನಪಿಗೆ ಈ ಹೆಸರು. ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ದೇವಬಾಗ. ತೆಂಕಣಕ್ಕೆ ಅಂಕೋಲಾ, ಗೋಕರ್ಣ. ಒಂದು ಕಡೆ ಗದ್ದಲವಿದ್ದರೆ ಇನ್ನೊಂದು ಕಡೆಗೆ ಹೋಗುವಂತೆ ಎರಡು ಹೆಸರುಗಳನ್ನು ಮೊದಲೇ ಗುರುತು ಹಾಕಿಕೊಂಡರೆ ಮನಸ್ಸು ಕೆಡುವುದಿಲ್ಲ. ಆ ದಿನ ಎಲ್ಲಿ ದಾರಿ ಮುಚ್ಚಿದೆ ಎಂಬುದನ್ನು ಬಸ್ಸಿನ ನಿರ್ವಾಹಕರು, ಆಟೋದವರು, ಮೀನು ಮಾರುವ ಹೆಂಗಸರು ಯಾವ ನಕ್ಷೆಗಿಂತಲೂ ಚೆನ್ನಾಗಿ ಬಲ್ಲರು.

ಐದನೆಯದು ಜೀವದ ಮಾತು. 2024ರ ಡಿಸೆಂಬರ್ 10ರಂದು ಮುರುಡೇಶ್ವರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರದ ಪಾಲಾದರು. ಅವರೂ ನಮ್ಮಂತೆಯೇ ಕೆರೆಬಾವಿಗಳ ನಾಡಿನ ಮಕ್ಕಳು. ದಡಕ್ಕೆ ಬಂದ ಅಲೆಯ ನೀರು ಕೆಲವೆಡೆ ಕಿರಿದಾದ ಕಾಲುವೆಯಂತೆ ಹಿಂದಕ್ಕೆ ಹರಿಯುತ್ತದೆ. ಅದರ ಸೆಳೆತಕ್ಕೆ ಸಿಕ್ಕವರು ದಡದ ಕಡೆಗೆ ಎದುರೀಜಿ ದಣಿಯುತ್ತಾರೆ. ಎದುರೀಜದೆ ದಡಕ್ಕೆ ಸಮಾನಾಂತರವಾಗಿ ಸರಿದರೆ ಸೆಳೆತದ ಪಟ್ಟಿಯಿಂದ ಹೊರಬರಲು ಸಾಧ್ಯ. ಕಲ್ಲಿನ ತಡೆಗೋಡೆಗಳ ಬಳಿ, ನದಿಯ ಅಳಿವೆಗಳ ಬಳಿ ಈ ಸೆಳೆತ ಹೆಚ್ಚು. ಕಾಮಗಾರಿ ನಡೆದಲ್ಲಿ ನೀರಿನೊಳಗೆ ಕಲ್ಲು, ಕಂಬಿಗಳೂ ಇದ್ದಾವು. ಮೊಣಕಾಲುದ್ದದ ನೀರು, ಜೀವರಕ್ಷಕರಿರುವ ಜಾಗ, ಕೆಂಪು ಬಾವುಟ ಕಂಡರೆ ಹಿಂದಕ್ಕೆ: ಈ ಮೂರನ್ನು ಮಕ್ಕಳಿಗೆ ರೈಲಿನಲ್ಲೇ ಹೇಳಿ ಒಪ್ಪಿಸಿಕೊಂಡಿರಬೇಕು.

ಇಷ್ಟೆಲ್ಲ ನಮ್ಮ ಅನುಕೂಲದ ಮಾತಾಯಿತು. ಕಾರವಾರದಲ್ಲಿ ಮೂರು ದಿನ ಇದ್ದ ಮೇಲೆ ಬೇರೊಂದು ವಿಚಾರ ಮನಸ್ಸಿಗೆ ಬಂತು. ನಮಗೆ ತೀರವೆಂದರೆ ವಿಹಾರದ ಜಾಗ. ಅಲ್ಲಿನವರಿಗೆ ಅದು ಕಣ, ನಮಗೆ ರಾಶಿ ಮಾಡುವ ಕಣವಿದ್ದಂತೆ. ದೋಣಿ ಎಳೆದಿಡುವುದು, ಬಲೆ ಹರವುವುದು, ಮೀನು ಒಣಗಿಸುವುದು ಎಲ್ಲವೂ ಮರಳಿನ ಮೇಲೆಯೇ. ಹಿಂದಿನ ಕಾಲದ ರಂಪಣಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರಾಕಾರವಾಗಿ ಬಿಟ್ಟು, ಹತ್ತಾರು ಜನ ದಡದಲ್ಲಿ ಎರಡು ಸಾಲಾಗಿ ನಿಂತು ಎಳೆಯುತ್ತಿದ್ದರು. ಬಂಗಡೆ, ತಾರಲೆ ಮೀನುಗಳ ಪಾಲು ಎಳೆದವರೆಲ್ಲರಿಗೂ ಸಲ್ಲುತ್ತಿತ್ತು. ಅದಕ್ಕೆ ಅಗಲವಾದ, ಅಡೆತಡೆಯಿಲ್ಲದ ಮರಳದಂಡೆ ಬೇಕು.

ಆ ದಂಡೆ ಕಿರಿದಾಗುತ್ತ ಬಂದಿದೆ. ಕಾರವಾರದ ದಕ್ಷಿಣಕ್ಕೆ ನೌಕಾನೆಲೆಗಾಗಿ ‘ಸೀಬರ್ಡ್’ ಯೋಜನೆಗೆ 1986ರ ಅಕ್ಟೋಬರ್ 24ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲಿಟ್ಟರು. 2005ರಲ್ಲಿ ‘ಐಎನ್‌ಎಸ್ ಕದಂಬ’ ಕಾರ್ಯಾರಂಭ ಮಾಡಿತು. ದೇಶರಕ್ಷಣೆಗೆ ಅದು ಅಗತ್ಯವೆಂದು ಸಾವಿರಾರು ಕುಟುಂಬಗಳು ಮನೆ, ಗದ್ದೆ, ಕಡಲದಂಡೆಗಳನ್ನು ಬಿಟ್ಟುಕೊಟ್ಟವು. ಉಳಿದ ಪೇಟೆಯ ತೀರದ ಬಳಿ ವಾಣಿಜ್ಯ ಬಂದರನ್ನು ವಿಸ್ತರಿಸಿ ಅಲೆ ತಡೆಗೋಡೆ ಕಟ್ಟುವ ಕೆಲಸ 2020ರ ಜನವರಿಯಲ್ಲಿ ಮೊದಲಾದಾಗ ಮೀನುಗಾರರು ಬೀದಿಗಿಳಿದರು. ಊರೇ ಬಂದ್ ಆಯಿತು, ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಅವರ ಅಂಜಿಕೆಗೆ ಆಧಾರವಿದೆ. ಮರಳು ದಡದ ಗುಂಟ ಸದಾ ಚಲಿಸುತ್ತಿರುತ್ತದೆ. ಅಡ್ಡಗೋಡೆ ಕಟ್ಟಿದರೆ ಒಂದು ಬದಿಯಲ್ಲಿ ಮರಳು ತುಂಬುತ್ತದೆ, ಇನ್ನೊಂದು ಬದಿಯನ್ನು ಕಡಲು ಕೊರೆಯುತ್ತದೆ. ಮೇಲಿನ ಹೊಲದವನು ಒಡ್ಡು ಕಟ್ಟಿದರೆ ಕೆಳಗಿನವನ ಹೊಲಕ್ಕೆ ಏನಾಗುತ್ತದೆಂದು ನಾವು ಬಲ್ಲೆವಷ್ಟೆ.

ಪ್ರವಾಸಿಗನ ಪಾಲೂ ಇದರಲ್ಲಿದೆ. ಕಡಲತೀರದಲ್ಲಿ ಕಟ್ಟುವುದನ್ನು ನಿಯಂತ್ರಿಸುವ ಕೇಂದ್ರದ ಅಧಿಸೂಚನೆ ಮೊದಲು ಹೊರಬಿದ್ದದ್ದು 1991ರಲ್ಲಿ. ಗ್ರಾಮೀಣ ತೀರದಲ್ಲಿ ಭರತರೇಖೆಯಿಂದ 200 ಮೀಟರಿನೊಳಗೆ ಹೊಸ ಕಟ್ಟಡ ಏಳಬಾರದೆಂಬುದು ಅದರ ಮುಖ್ಯ ಕಟ್ಟಳೆ. 2019ರ ಅಧಿಸೂಚನೆ ಜನದಟ್ಟಣೆಯ ಹಳ್ಳಿಗಳಲ್ಲಿ ಅದನ್ನು 50 ಮೀಟರಿಗೆ ಇಳಿಸಿತು. ಕಿಟಕಿ ತೆರೆದೊಡನೆ ಅಲೆ ಕಾಣಬೇಕೆಂದು ನಾವು ಹಟ ಹಿಡಿದಷ್ಟೂ ಕಟ್ಟುವವರು ನೀರಿನತ್ತ ಸರಿಯುತ್ತಾರೆ. ಹಿಂದಿನ ಸಾಲಿನಲ್ಲಿ, ಊರೊಳಗೆ, ಊರವರೇ ನಡೆಸುವ ಮನೆಯಲ್ಲಿ ಇಳಿದುಕೊಂಡು ಹತ್ತು ನಿಮಿಷ ನಡೆದುಹೋದರೆ ನಮಗೆ ಗದ್ದಲ ಕಡಿಮೆ, ಕಡಲಿಗೆ ಹೊರೆ ಕಡಿಮೆ. ಬಾಡಿಗೆಯೂ ಕಡಿಮೆಯೇ.

ಕೊನೆಯ ದಿನ ಬೆಳಿಗ್ಗೆ ನಮ್ಮ ತಾಯಿಯವರನ್ನು ನೀರಿನ ಹತ್ತಿರಕ್ಕೆ ಕರೆದೊಯ್ದೆವು. ಹಿಂದಿನ ಎರಡು ದಿನ ಅವರು ದೂರದ ಕಲ್ಲುಬೆಂಚಿನಲ್ಲಿ ಕುಳಿತು ನೋಡಿದ್ದರೇ ಹೊರತು ಮರಳಿಗೆ ಇಳಿದಿರಲಿಲ್ಲ. ರಸ್ತೆಯ ಅಂಚಿನಲ್ಲಿ ಕಾಲುದಾರಿಗೆ ಕಲ್ಲು ಹಾಸುವ ಕೆಲಸ ನಡೆದಿತ್ತು. ನಾವು ಇಳಿಯಬೇಕಾದ ಮೆಟ್ಟಿಲಿನ ಮೇಲೆ ಜಲ್ಲಿ ಬಿದ್ದಿತ್ತು. ಮತ್ತೆ ಅದೇ ಕತೆಯಾಯಿತಲ್ಲ ಎಂದು ನಾನು ಗೊಣಗಿದೆ. ಬುಟ್ಟಿ ಹೊತ್ತಿದ್ದ ಹೆಂಗಸೊಬ್ಬಳು ನಮ್ಮ ಮಾತು ಕೇಳಿಸಿಕೊಂಡು ನಿಂತಳು. ನಮ್ಮ ತಾಯಿಯವರು, ‘ಯಾವೂರವ್ವಾ ನಿಂದು?’ ಎಂದರು.

‘ಕೋಸಿಗಿ ಕಡಿ ಅವ್ವಾ. ನಿಮ್ದು?’

‘ಆಸ್ಪರಿ.’

ಅವಳ ಮುಖ ಅರಳಿತು. ಮೊದಲು ಕೇಳಿದ್ದು ಒಂದೇ ಮಾತು: ‘ಆದೋನ್ಯಾಗ ಹತ್ತಿ ರೇಟು ಎಷ್ಟೈತವ್ವಾ?’

ನಮ್ಮ ಸೀಮೆಯಿಂದ ಪ್ರತಿವರ್ಷ ಸುಗ್ಗಿ ಮುಗಿದೊಡನೆ, ಮಳೆ ಕೈಕೊಟ್ಟ ವರ್ಷ ಸುಗ್ಗಿಗೂ ಮೊದಲೇ, ಸಾವಿರಾರು ಜನ ಗುಂಟೂರಿಗೆ ಮೆಣಸಿನಕಾಯಿ ಬಿಡಿಸಲು, ಬೆಂಗಳೂರು, ಹೈದರಾಬಾದುಗಳಿಗೆ ಕಟ್ಟಡದ ಕೆಲಸಕ್ಕೆ ವಲಸೆ ಹೋಗುವುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾದ್ದಿಲ್ಲ. ಅವರಲ್ಲಿ ಕೆಲವರು ಮೇಸ್ತ್ರಿಯ ಹಿಂದೆ ಕಡಲಂಚಿನವರೆಗೂ ಬಂದಿದ್ದರು. ನನ್ನ ಪ್ರವಾಸಕ್ಕೆ ಅಡ್ಡಿಯೆಂದು ನಾನು ಮೂರು ವರ್ಷದಿಂದ ಶಪಿಸುತ್ತಿದ್ದ ಕಾಮಗಾರಿಯ ಬುಟ್ಟಿ ನಮ್ಮೂರ ಪಕ್ಕದವಳ ತಲೆಯ ಮೇಲಿತ್ತು.

‘ಸಮುದ್ರಕ್ಕ ಇಳಿದೀಯೇನವ್ವಾ?’ ಎಂದರು ನಮ್ಮ ತಾಯಿ.

‘ದಿನಾ ನೋಡ್ತೀನಿ. ಇಳಿಯಾಕ ಹೊತ್ತೆಲ್ಲೈತಿ?’

ಮಧ್ಯಾಹ್ನ ಊಟದ ಬಿಡುವಿಗೆ ಇನ್ನೂ ಎರಡು ಗಂಟೆ ಇತ್ತು. ನಮ್ಮ ತಾಯಿಯವರು ಏಳಲಿಲ್ಲ. ಬಿಸಿಲಿನಲ್ಲಿ ಸೆರಗು ಹೊದ್ದು ಕಾದರು. ಬಿಡುವಾದೊಡನೆ ಆ ಹೆಂಗಸು ಜಲ್ಲಿಯನ್ನು ಕಾಲಿನಿಂದ ಸರಿಸಿ ದಾರಿ ಮಾಡಿದಳು. ಒಂದು ಕೈ ನಾನು ಹಿಡಿದೆ, ಇನ್ನೊಂದು ಕೈ ಅವಳು ಹಿಡಿದಳು. ಮೂವರೂ ಮೊಣಕಾಲು ಮುಟ್ಟದಷ್ಟು ನೀರಿನಲ್ಲಿ ನಿಂತೆವು. ಅಲೆ ಬಂದು ಹಿಂದಕ್ಕೆ ಹೋಗುವಾಗ ಕಾಲಡಿಯ ಮರಳು ಜಾರಿತು. ಇಬ್ಬರೂ ಹೆಂಗಸರು ಒಟ್ಟಿಗೇ ಕಿರುಚಿ ನಕ್ಕರು. ಐದು ನಿಮಿಷದಲ್ಲಿ ಅವಳು ರೊಟ್ಟಿಯ ಗಂಟಿನ ಕಡೆಗೆ ನಡೆದಳು.

ರೈಲು ಬಳ್ಳಾರಿ ಬಿಟ್ಟ ಮೇಲೆ ನಮ್ಮ ತಾಯಿಯವರನ್ನು, ಸಮುದ್ರ ಹೇಗಿತ್ತೆಂದು ಕೇಳಿದೆ. ‘ದೊಡ್ಡದೈತಿ ಬಿಡು’ ಎಂದರು. ಸ್ವಲ್ಪ ಹೊತ್ತಿನ ಮೇಲೆ, ‘ಆ ಹುಡುಗಿ ಯುಗಾದಿಗೆ ಊರಿಗೆ ಬರ್ತಾಳಂತ. ಒಂದಿನ ಕೋಸಿಗಿಗೆ ಹೋಗಿಬರೂಣು’ ಎಂದರು.